ಕಾಲಂನಲ್ಲಿ ಅತಿ ಉದ್ದದ ನಮೂದು ಯಾವುದು? ಕಟ್, ಆಕ್, ಪರ್ಲ್, ಎಸ್‌ಕ್ಯೂಲೈಟ್‌ಗಳಲ್ಲಿ ಯಾವುದನ್ನು ಹಿಡಿಯಬೇಕು

ಒಂದು ಫೈಲ್ ಇದೆ. ಸಾವಿರಾರು ಸಾಲು. ಮೂರನೇ ಕಾಲಂನಲ್ಲಿ ಊರಿನ ಹೆಸರು. ಅದರಲ್ಲಿ ಎಲ್ಲಕ್ಕಿಂತ ಉದ್ದದ ಹೆಸರು ಯಾವುದು, ಅದರ ಉದ್ದ ಎಷ್ಟು? ಇಷ್ಟೇ ಪ್ರಶ್ನೆ. ಡೇಟಾಬೇಸಿನ ಟೇಬಲ್ ಕಟ್ಟುವ ಮುಂಚೆ ಕಾಲಂಗೆ ಎಷ್ಟು ಜಾಗ ಇಡಬೇಕು ಅಂತ ತಿಳಿಯಲು ಇದು ಬೇಕು. ಗುರುತಿನ ಚೀಟಿ ಮುದ್ರಿಸುವಾಗ ಹೆಸರು ಒಂದೇ ಸಾಲಿನಲ್ಲಿ ಹಿಡಿಸುತ್ತಾ ನೋಡಲು ಬೇಕು. ಎಸ್‌ಎಂಎಸ್ ಕಳಿಸುವಾಗಲೂ ಬೇಕು.

ಟರ್ಮಿನಲ್ ಹಿಡಿದು ಕೂತವರಿಗೆ ಇದಕ್ಕೆ ಹತ್ತು ದಾರಿ ಸಿಗುತ್ತದೆ. ಒಬ್ಬರು ಕಾಲಂ ಕತ್ತರಿಸುವ ಕಟ್ (cut) ಮತ್ತು ಎಣಿಸುವ ಡಬ್ಲ್ಯುಸಿ (wc) ಕಮಾಂಡುಗಳು ಸಾಕು ಅನ್ನುತ್ತಾರೆ. ಇನ್ನೊಬ್ಬರು ಆಕ್ (awk) ಇಲ್ಲದೆ ಆಗಲ್ಲ ಅನ್ನುತ್ತಾರೆ. ಮತ್ತೊಬ್ಬರು ಪೈಥಾನ್ ಕಡೆ ಕೈ ತೋರಿಸುತ್ತಾರೆ. ಎಲ್ಲವೂ ಉಚಿತ, ಹಾಗಾಗಿ ದುಡ್ಡಿನ ಮಾತಿಲ್ಲ. ಖರ್ಚಾಗುವುದು ನಿಮ್ಮ ಸಮಯ, ಮೆಷಿನ್ನಿನ ಮೆಮೊರಿ, ಆಮೇಲೆ ತಪ್ಪು ಉತ್ತರ ಬಂದರೆ ಅದನ್ನು ಸರಿಪಡಿಸುವ ಕಷ್ಟ. ಕನ್ನಡದ ಡೇಟಾ ಇದ್ದರೆ ಈ ಮೂರನೆಯದೇ ದೊಡ್ಡ ಖರ್ಚು. ಯಾವ ಕಮಾಂಡ್ ಅನ್ನುವುದಕ್ಕಿಂತ ಮುಂಚೆ ಉದ್ದ ಅಂದರೆ ಏನು ಅಂತ ತೀರ್ಮಾನ ಆಗಬೇಕು. ಅದನ್ನು ಬಿಟ್ಟು ಕಮಾಂಡ್ ಆರಿಸಿದರೆ ಉತ್ತರ ಬರುತ್ತದೆ, ಆದರೆ ಅದು ನೀವು ಕೇಳಿದ ಪ್ರಶ್ನೆಗೆ ಬಂದ ಉತ್ತರ ಆಗಿರುವುದಿಲ್ಲ.

ಮೊದಲು ಉದ್ದದ ಲೆಕ್ಕ

ಎರಡು ಊರು ತಗೊಳ್ಳೋಣ. ಚಿಕ್ಕಬಳ್ಳಾಪುರ, ಚಾಮರಾಜನಗರ. ಯಾವುದು ಉದ್ದ?

ಬಾಯಲ್ಲಿ ಹೇಳಿ, ಬೆರಳು ಮಡಚಿ. ಚಿ, ಕ್ಕ, ಬ, ಳ್ಳಾ, ಪು, ರ. ಆರು ಅಕ್ಷರ. ಚಾ, ಮ, ರಾ, ಜ, ನ, ಗ, ರ. ಏಳು ಅಕ್ಷರ. ಚಾಮರಾಜನಗರವೇ ಉದ್ದ, ಅಲ್ವಾ?

ಕಂಪ್ಯೂಟರ್ ಹಾಗೆ ಎಣಿಸುವುದಿಲ್ಲ. ಎಲ್ಲ ಲಿಪಿಗಳ ಚಿಹ್ನೆಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಒಂದು ಕೋಡ್‌ಪಾಯಿಂಟ್ (ಅಂದರೆ ಒಂದು ಸಂಖ್ಯೆ), ಗುಡಿಸಿಗೆ ಒಂದು, ಕೊಂಬಿಗೆ ಒಂದು, ಒತ್ತಕ್ಷರ ಬರಬೇಕಾದರೆ ನಡುವಿನ ಹಲಂತಕ್ಕೆ ಇನ್ನೊಂದು. ಆ ಲೆಕ್ಕದಲ್ಲಿ ಚಿಕ್ಕಬಳ್ಳಾಪುರಕ್ಕೆ 13 ಕೋಡ್‌ಪಾಯಿಂಟ್, ಚಾಮರಾಜನಗರಕ್ಕೆ ಬರೀ 9. ಗೆದ್ದವರು ಬದಲಾದರು. ಫೈಲಿನಲ್ಲಿ ಕೂತಿರುವುದು ಆ ಸಂಖ್ಯೆಗಳನ್ನು ಯುಟಿಎಫ್-8 ಅನ್ನುವ ರೀತಿಯಲ್ಲಿ ಬರೆದ ಬೈಟುಗಳು. ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ 3 ಬೈಟ್. ಹಾಗಾಗಿ 39 ಮತ್ತು 27.

ಈಗ ಅದೇ ಕಾಲಂನಲ್ಲಿ ಒಂದಷ್ಟು ಹೆಸರು ಇಂಗ್ಲಿಷ್ ಲಿಪಿಯಲ್ಲಿ ಇವೆ ಅಂದುಕೊಳ್ಳಿ. ನಮ್ಮಲ್ಲಿ ಇದು ತೀರಾ ಸಾಮಾನ್ಯ. ಇಂಗ್ಲಿಷಿನಲ್ಲಿ ಬರೆದ ದಾವಣಗೆರೆಗೆ 10 ಅಕ್ಷರ, 10 ಬೈಟ್. ಕನ್ನಡದಲ್ಲಿ ಬರೆದ ಮೈಸೂರು ಮೂರೇ ಅಕ್ಷರ, 6 ಕೋಡ್‌ಪಾಯಿಂಟ್, ಆದರೆ 18 ಬೈಟ್. ಬೈಟ್ ಎಣಿಸುವ ಕಮಾಂಡ್ ಮೈಸೂರನ್ನೇ ಉದ್ದದ ಹೆಸರು ಅನ್ನುತ್ತದೆ.

ಯಾವ ಲೆಕ್ಕ ನಿಮಗೆ ಬೇಕು ಅನ್ನುವುದನ್ನು ಕೆಲಸ ಹೇಳುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ವಾರ್‌ಚಾರ್ ಅನ್ನುವ ಪಠ್ಯದ ಕಾಲಂ ಪಕ್ಕ ನೀವು ಕೊಡುವ ಅಂಕಿ ಕೋಡ್‌ಪಾಯಿಂಟಿನ ಲೆಕ್ಕ. ಒರಾಕಲ್‌ನಲ್ಲಿ ನೀವು ಬೇರೆ ಹೇಳದಿದ್ದರೆ ಬೈಟಿನ ಲೆಕ್ಕ. ಅಲ್ಲಿ 20 ಅಂತ ಇಟ್ಟ ಕಾಲಂನಲ್ಲಿ ಮೈಸೂರು ಹಿಡಿಸುತ್ತದೆ, ಬೆಂಗಳೂರು ಹಿಡಿಸುವುದಿಲ್ಲ. ಬೆಂಗಳೂರಿಗೆ 24 ಬೈಟ್ ಬೇಕು. ಫೈಲಿನ ಹೆಸರುಗಳಿಗೂ ಬೈಟಿನದೇ ಮಿತಿ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ 255 ಬೈಟ್, ಅಂದರೆ ಪೂರ್ತಿ ಕನ್ನಡದ ಹೆಸರಾದರೆ 85 ಕೋಡ್‌ಪಾಯಿಂಟ್. ಎಸ್‌ಎಂಎಸ್‌ನಲ್ಲಿ ಬರೀ ಇಂಗ್ಲಿಷ್ ಆದರೆ 160, ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ. ಆ 70 ಕೂಡ ಕೋಡ್‌ಪಾಯಿಂಟಿನ ಲೆಕ್ಕವೇ. ಮುದ್ರಣ, ಲೇಬಲ್, ಗುರುತಿನ ಚೀಟಿಯ ಕೆಲಸಕ್ಕೆ ಮಾತ್ರ ನಾವು ಬೆರಳು ಮಡಚಿ ಎಣಿಸಿದ ಅಕ್ಷರದ ಲೆಕ್ಕ ಹತ್ತಿರ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಹಳೇ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಆಗಿದ್ದರೆ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಅಲ್ಲಿ ಅಕ್ಷರಗಳನ್ನು ತುಂಡು ತುಂಡಾಗಿ ಇಂಗ್ಲಿಷ್ ಚಿಹ್ನೆಗಳ ಮೇಲೆ ಕೂರಿಸಿರುತ್ತಾರೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಮುಂದುವರಿಯಿರಿ.

ಉಳಿದ ಅಳತೆಗೋಲುಗಳು

ಉದ್ದದ ಲೆಕ್ಕ ಆದ ಮೇಲೆ ನಾನು ನಾಲ್ಕು ವಿಷಯ ನೋಡುತ್ತೇನೆ.

ಫೈಲ್ ಹೇಗಿದೆ? ಕಾಲಂಗಳ ನಡುವೆ ಟ್ಯಾಬ್ ಇದೆಯಾ, ಕಾಮಾ ಇದೆಯಾ? ಕಾಮಾ ಇದ್ದರೆ ಕೋಟ್ ಒಳಗೂ ಕಾಮಾ ಇದೆಯಾ? ವಿಳಾಸದ ಕಾಲಂ ಇದ್ದರೆ ಇದ್ದೇ ಇರುತ್ತದೆ. "ನಂ. 12, 3ನೇ ಅಡ್ಡರಸ್ತೆ, ಜಯನಗರ" ಅನ್ನುವ ಒಂದೇ ನಮೂದನ್ನು ಸಾದಾ ಕಮಾಂಡುಗಳು ಮೂರು ಕಾಲಂ ಅಂತ ಓದುತ್ತವೆ.

ಬರೀ ಅಂಕಿ ಸಾಕಾ, ನಮೂದೂ ಬೇಕಾ? ಯಾವ ಸಾಲಿನಲ್ಲಿದೆ ಅಂತಲೂ ಬೇಕಾ? ನನ್ನ ಅನುಭವದಲ್ಲಿ ಬರೀ ಅಂಕಿ ಯಾವತ್ತೂ ಸಾಕಾಗಿಲ್ಲ. 212 ಅಂತ ಬಂದಾಗ ಅದು ನಿಜವಾದ ವಿಳಾಸವೋ, ಯಾರೋ ತಪ್ಪಿ ಇಡೀ ಪ್ಯಾರಾ ಅಂಟಿಸಿದ್ದೋ ಅಂತ ಕಣ್ಣಾರೆ ನೋಡಲೇಬೇಕು.

ಫೈಲ್ ಎಷ್ಟು ದೊಡ್ಡದು? ಐನೂರು ಸಾಲಾದರೆ ಯಾವುದಾದರೂ ಸರಿ. ಐವತ್ತು ಲಕ್ಷ ಸಾಲಾದರೆ ಎಕ್ಸೆಲ್ ಹಾಳೆಯಲ್ಲೂ ಹಿಡಿಸಲ್ಲ. ಅದರ ಮಿತಿ 10,48,576 ಸಾಲು.

ಕೊನೆಯದು, ಮೆಷಿನ್ ಯಾರದ್ದು? ಆಫೀಸಿನ ಸರ್ವರ್‌ನಲ್ಲಿ ಹೊಸದೇನೂ ಹಾಕಲು ಬಿಡುವುದಿಲ್ಲ ಅಂದರೆ ಅರ್ಧ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ.

ಕಟ್ ಮತ್ತು ಡಬ್ಲ್ಯುಸಿ: ಅವಸರಕ್ಕೆ

ಕಟ್‌ನಿಂದ ಮೂರನೇ ಕಾಲಂ ಕತ್ತರಿಸಿ, ಪೈಪ್ ಹಾಕಿ, ಅಂದರೆ ಒಂದರಿಂದ ಬಂದದ್ದನ್ನು ನೇರ ಇನ್ನೊಂದಕ್ಕೆ ಹರಿಸಿ, ಡಬ್ಲ್ಯುಸಿಗೆ ಕೊಡಿ. ಡಬ್ಲ್ಯುಸಿಗೆ ಮೈನಸ್ ದೊಡ್ಡ ಎಲ್ ಕೊಟ್ಟರೆ ಅತಿ ಉದ್ದದ ಸಾಲಿನ ಅಳತೆ ಹೇಳುತ್ತದೆ. ಟೈಪ್ ಮಾಡಲು ಹತ್ತು ಸೆಕೆಂಡು. ಟ್ಯಾಬ್ ಇರುವ, ಬರೀ ಇಂಗ್ಲಿಷ್ ಅಥವಾ ಅಂಕಿಗಳ ಫೈಲಿಗೆ ಇದಕ್ಕಿಂತ ಚಿಕ್ಕ ದಾರಿ ಇಲ್ಲ.

ತೊಂದರೆಗಳು ಮೂರು. ಒಂದು, ಇದು ಅಂಕಿ ಮಾತ್ರ ಕೊಡುತ್ತದೆ, ನಮೂದು ಯಾವುದು ಅಂತ ಹೇಳಲ್ಲ. ಎರಡು, ಲಿನಕ್ಸಿನಲ್ಲಿ ಸಿಗುವ ಗ್ನೂ ಡಬ್ಲ್ಯುಸಿಯ ಈ ಅಳತೆ ಬೈಟೂ ಅಲ್ಲ, ಕೋಡ್‌ಪಾಯಿಂಟೂ ಅಲ್ಲ, ಪರದೆ ಮೇಲಿನ ಅಗಲ. ಟ್ಯಾಬ್ ಸಿಕ್ಕರೆ ಮುಂದಿನ 8ರ ಮನೆಗೆ ಜಿಗಿಯುತ್ತದೆ. ಗುಡಿಸು, ಎತ್ವದಂಥ ಕೆಲವು ಚಿಹ್ನೆಗಳಿಗೆ ಅಗಲವೇ ಇಲ್ಲ ಅಂತ ಲೆಕ್ಕ ಹಾಕುತ್ತದೆ. ಕನ್ನಡಕ್ಕೆ ಬರುವ ಅಂಕಿ ಯಾವ ಕೆಲಸಕ್ಕೂ ಸರಿಯಾಗಿ ಕೂರುವುದಿಲ್ಲ. ಈ ಆಯ್ಕೆ ಯುನಿಕ್ಸ್ ಕಮಾಂಡುಗಳ ಪೋಸಿಕ್ಸ್ ಮಾನಕದಲ್ಲಿಯೂ ಇಲ್ಲ, ಹಾಗಾಗಿ ಎಲ್ಲ ಮೆಷಿನ್‌ನಲ್ಲೂ ಒಂದೇ ಥರ ನಡೆಯುತ್ತದೆ ಅನ್ನುವ ಖಾತ್ರಿ ಇಲ್ಲ.

ಮೂರನೆಯದು ಕಣ್ಣಿಗೆ ಬೀಳದ ತೊಂದರೆ. ಒಂದು ಸಾಲಿನಲ್ಲಿ ಕಾಲಂ ಬೇರ್ಪಡಿಸುವ ಚಿಹ್ನೆಯೇ ಇಲ್ಲದಿದ್ದರೆ ಕಟ್ ಆ ಸಾಲನ್ನು ಬಿಡುವುದಿಲ್ಲ, ಇಡೀ ಸಾಲನ್ನೇ ಹೊರಗೆ ಹಾಕುತ್ತದೆ. ಫೈಲಿನ ಕೊನೆಯಲ್ಲಿ ಯಾರೋ ಬರೆದ ಒಂದು ಉದ್ದದ ಟಿಪ್ಪಣಿ ಇದ್ದರೆ ಸಾಕು, ಅದೇ ನಿಮ್ಮ ಅತಿ ಉದ್ದದ ಊರು ಆಗಿಬಿಡುತ್ತದೆ. ಕಟ್‌ಗೆ ಮೈನಸ್ ಎಸ್ ಕೊಟ್ಟರೆ ಅಂಥ ಸಾಲುಗಳನ್ನು ಬಿಟ್ಟುಬಿಡುತ್ತದೆ. ಅದನ್ನು ಅಭ್ಯಾಸ ಮಾಡಿಕೊಳ್ಳಿ.

ಬ್ಯಾಶ್ ಲೂಪ್: ಕಲಿಯಲು ಸರಿ, ಕೆಲಸಕ್ಕೆ ಬೇಡ

ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಬ್ಯಾಶ್‌ನಲ್ಲೇ ವೈಲ್ ರೀಡ್ ಲೂಪ್ ಬರೆದು ಒಂದೊಂದೇ ಸಾಲು ಓದಿ, ಉದ್ದ ನೋಡಿ, ದೊಡ್ಡದನ್ನು ಇಟ್ಟುಕೊಳ್ಳುವುದು. ಹೊಸಬರು ಮೊದಲು ಬರೆಯುವುದು ಇದನ್ನೇ. ತರ್ಕ ಕಣ್ಣಿಗೆ ಕಾಣುತ್ತದೆ, ಅದು ಒಳ್ಳೆಯದೇ. ಆದರೆ ಹಳ್ಳಗಳು ಜಾಸ್ತಿ.

ಫೈಲನ್ನು ಪೈಪ್ ಮಾಡಿ ಲೂಪಿಗೆ ಕೊಟ್ಟರೆ ಲೂಪ್ ಬೇರೆ ಸಬ್‌ಶೆಲ್‌ನಲ್ಲಿ, ಅಂದರೆ ಬ್ಯಾಶ್‌ನ ಪ್ರತ್ಯೇಕ ನಕಲಿನಲ್ಲಿ, ಓಡುತ್ತದೆ. ಲೂಪ್ ಮುಗಿದ ಮೇಲೆ ಉತ್ತರ ಕೇಳಿದರೆ ವೇರಿಯೇಬಲ್ ಖಾಲಿ. ಪೈಪ್ ಬದಲು ಲೂಪಿನ ಕೊನೆಯಲ್ಲಿ ಫೈಲನ್ನು ರೀಡೈರೆಕ್ಟ್ ಮಾಡಬೇಕು. ರೀಡ್‌ಗೆ ಮೈನಸ್ ಆರ್ ಕೊಡದಿದ್ದರೆ ಬ್ಯಾಕ್‌ಸ್ಲ್ಯಾಶ್‌ಗಳು ಮಾಯ. ಕೊನೆಯ ಸಾಲಿನ ತುದಿಯಲ್ಲಿ ಹೊಸಸಾಲಿನ ಗುರುತು ಇಲ್ಲದಿದ್ದರೆ ಆ ಸಾಲು ಲೆಕ್ಕಕ್ಕೇ ಬರಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಟ್ಯಾಬ್ ವಿಷಯ: ಟ್ಯಾಬನ್ನು ವಿಭಜಕವಾಗಿ ಕೊಟ್ಟರೂ ಬ್ಯಾಶ್ ಅದನ್ನು ಖಾಲಿ ಜಾಗದಂತೆಯೇ ನೋಡುತ್ತದೆ. ಪಕ್ಕಪಕ್ಕ ಎರಡು ಟ್ಯಾಬ್ ಬಂದರೆ ಒಂದೇ ಅಂದುಕೊಳ್ಳುತ್ತದೆ. ಎರಡನೇ ಕಾಲಂ ಖಾಲಿ ಇರುವ ಸಾಲಿನಲ್ಲಿ ನಾಲ್ಕನೆಯದು ಸದ್ದಿಲ್ಲದೆ ಮೂರನೇ ಜಾಗಕ್ಕೆ ಜಾರುತ್ತದೆ.

ಕೆಲವರು ಲೂಪಿನ ಒಳಗೆ ಪ್ರತಿ ಸಾಲಿಗೂ ಎಕೋ ಮಾಡಿ ಡಬ್ಲ್ಯುಸಿಗೆ ಪೈಪ್ ಮಾಡುತ್ತಾರೆ. ಅದು ಸಾಲಿಗೊಂದು ಹೊಸ ಪ್ರೋಸೆಸ್ ಹುಟ್ಟಿಸುತ್ತದೆ. ಲಕ್ಷ ಸಾಲಾದರೆ ಊಟ ಮುಗಿಸಿ ಬರಬಹುದು. ಮೇಲಾಗಿ ಎಕೋ ಹಾಕುವ ಹೊಸಸಾಲೂ ಎಣಿಕೆಗೆ ಸೇರಿ ಪ್ರತಿ ಉತ್ತರವೂ ಒಂದು ಜಾಸ್ತಿ ಬರುತ್ತದೆ.

ಆಕ್: ಹೆಚ್ಚಿನವರಿಗೆ ಇದೇ ಸರಿ

ಬೆಲ್ ಲ್ಯಾಬ್ಸ್‌ನಲ್ಲಿ 1977ರಲ್ಲಿ ಅಹೊ, ವೈನ್‌ಬರ್ಗರ್, ಕರ್ನಿಘನ್ ಸೇರಿ ಮಾಡಿದ್ದು. ಮೂವರ ಹೆಸರಿನ ಮೊದಲಕ್ಷರ ಸೇರಿಯೇ ಇದರ ಹೆಸರು. ಕಾಲಂಗಳಿರುವ ಸಾಲುಗಳನ್ನು ಓದುವುದಕ್ಕೇ ಹುಟ್ಟಿದ ಭಾಷೆ, ಅದಕ್ಕೇ ಈ ಕೆಲಸಕ್ಕೆ ಇಷ್ಟು ಚೆನ್ನಾಗಿ ಹೊಂದುತ್ತದೆ.

ಮಾಡಬೇಕಾದದ್ದು ಇಷ್ಟೇ. ಮೈನಸ್ ದೊಡ್ಡ ಎಫ್‌ನಿಂದ ವಿಭಜಕ ಯಾವುದು ಅಂತ ಹೇಳಿ. ಸಾಲಿನ ಸಂಖ್ಯೆ 1ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಮುಂದುವರಿ ಅನ್ನಿ, ಯಾಕಂದರೆ ಮೊದಲ ಸಾಲು ಹೆಡರ್. $3, ಅಂದರೆ ಮೂರನೇ ಕಾಲಂ, ಅದರ ಉದ್ದವನ್ನು ಲೆಂಗ್ತ್ ಫಂಕ್ಷನ್ನಿನಿಂದ ತಗೊಳ್ಳಿ. ಅದು ಈವರೆಗಿನ ದೊಡ್ಡದಕ್ಕಿಂತ ದೊಡ್ಡದಾದರೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಉದ್ದ, ನಮೂದು, ಸಾಲಿನ ಸಂಖ್ಯೆ. ಎಂಡ್ ಭಾಗದಲ್ಲಿ ಮೂರನ್ನೂ ಪ್ರಿಂಟ್ ಮಾಡಿ. ಒಂದೇ ಸಾಲಿನಲ್ಲಿ ಬರೆಯಬಹುದು. ಫೈಲನ್ನು ಒಂದೇ ಸಲ ಓದುತ್ತದೆ, ಮೆಮೊರಿ ಹೆಚ್ಚೇನೂ ತಿನ್ನಲ್ಲ. ಲಕ್ಷಾಂತರ ಸಾಲಿದ್ದರೂ ಸಲೀಸು.

ಸಮ ಉದ್ದದ ಹೆಸರು ಎರಡಿದ್ದರೆ? 'ದೊಡ್ಡದು' ಅಂತ ಕೇಳಿದರೆ ಮೊದಲು ಬಂದದ್ದು ಉಳಿಯುತ್ತದೆ. 'ದೊಡ್ಡದು ಅಥವಾ ಸಮ' ಅಂತ ಕೇಳಿದರೆ ಕೊನೆಗೆ ಬಂದದ್ದು. ಎಲ್ಲವೂ ಬೇಕಾದರೆ ಸಮ ಬಂದಾಗಲೆಲ್ಲ ಪಟ್ಟಿಗೆ ಸೇರಿಸಿ, ದೊಡ್ಡದು ಬಂದಾಗ ಪಟ್ಟಿ ಖಾಲಿ ಮಾಡಿ ಹೊಸದಾಗಿ ಶುರು ಮಾಡಿ.

ವಿಂಡೋಸ್‌ನಿಂದ ಬಂದ ಫೈಲಾದರೆ ಪ್ರತಿ ಸಾಲಿನ ತುದಿಯಲ್ಲಿ ಕಾಣದ ಕ್ಯಾರೇಜ್ ರಿಟರ್ನ್ ಇರುತ್ತದೆ. ನಿಮಗೆ ಬೇಕಾದದ್ದು ಕೊನೆಯ ಕಾಲಂ ಆಗಿದ್ದರೆ ಎಲ್ಲ ಉದ್ದವೂ ಒಂದು ಜಾಸ್ತಿ. ಲೆಕ್ಕಕ್ಕೆ ಮುಂಚೆ ಅದನ್ನು ಕಿತ್ತುಹಾಕಿ.

ಇನ್ನು ಕನ್ನಡದ ವಿಷಯ. ಆಕ್ ಅಂದರೆ ಒಂದೇ ಪ್ರೋಗ್ರಾಂ ಅಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಮೊದಲಿಂದ ಬರುವುದು ಮಾಕ್. ಅದು ಬೈಟ್ ಎಣಿಸುತ್ತದೆ. ಗ್ನೂ ಆಕ್, ಅಂದರೆ ಗಾಕ್, ಲೊಕೇಲ್ (ಮೆಷಿನ್ನಿನ ಭಾಷೆ, ಲಿಪಿಯ ಸೆಟ್ಟಿಂಗ್) ನೋಡುತ್ತದೆ. ಲೊಕೇಲ್ ಯುಟಿಎಫ್-8 ಆಗಿದ್ದರೆ ಕೋಡ್‌ಪಾಯಿಂಟ್, 'ಸಿ' ಅನ್ನುವ ಸಾದಾ ಲೊಕೇಲ್ ಆಗಿದ್ದರೆ ಬೈಟ್.

ಇದು ನನ್ನನ್ನು ಒಂದು ಬೆಳಗ್ಗೆ ಪೂರ್ತಿ ಕಾಡಿತ್ತು. ಪ್ರತಿದಿನ ಬರುವ ಒಂದು ಫೈಲಿನಲ್ಲಿ ಸ್ಥಳದ ಹೆಸರಿನ ಕಾಲಂ ಇತ್ತು. ನಾನು ಕೈಯಲ್ಲಿ ಸ್ಕ್ರಿಪ್ಟ್ ಓಡಿಸಿದಾಗ ಗರಿಷ್ಠ ಉದ್ದ 18 ಬಂತು. "ಬೆಂಗಳೂರು ಗ್ರಾಮಾಂತರ" ಅನ್ನುವ ನಮೂದು. ಸರಿ ಅಂತ ಅದನ್ನು ರಾತ್ರಿ ತಾನೇ ಓಡುವಂತೆ ಕ್ರಾನ್‌ಗೆ ಹಾಕಿದೆ. ಬೆಳಗ್ಗೆ ನೋಡಿದರೆ 52. ಯಾವುದೋ ಹೊಸ ಹೆಸರು ಸೇರಿದೆ ಅಂದುಕೊಂಡು ಫೈಲನ್ನು ಮೇಲಿಂದ ಕೆಳಗೆ ಜಾಲಾಡಿದೆ. ಹೊಸ ಹೆಸರು ಯಾವುದೂ ಇರಲಿಲ್ಲ. ಆಮೇಲೆ ನಮೂದನ್ನೂ ಪ್ರಿಂಟ್ ಮಾಡಿಸಿದೆ. ಅದೇ ಬೆಂಗಳೂರು ಗ್ರಾಮಾಂತರ! ಕನ್ನಡದ 17 ಕೋಡ್‌ಪಾಯಿಂಟಿಗೆ ಮೂರು ಮೂರರಂತೆ 51, ನಡುವಿನ ಜಾಗಕ್ಕೆ 1. ಕ್ರಾನ್ ನಮ್ಮ ಲಾಗಿನ್ನಿನ ಸೆಟ್ಟಿಂಗುಗಳನ್ನು ತಗೊಳ್ಳುವುದಿಲ್ಲ, ಅಲ್ಲಿ ಲೊಕೇಲ್ ಇರಲಿಲ್ಲ. ಹಾಗಾಗಿ ಗಾಕ್ ಬೈಟ್ ಎಣಿಸಿತ್ತು. ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಲೊಕೇಲ್ ಹೊಂದಿಸಿದ ಮೇಲೆ 18ಕ್ಕೆ ಮರಳಿತು.

ಅವತ್ತಿನಿಂದ ಹೊಸ ಮೆಷಿನ್ ಮುಂದೆ ಕೂತಾಗ ನಾನು ಮಾಡುವ ಮೊದಲ ಕೆಲಸ ಒಂದೇ. ಆಕ್‌ಗೆ ಬರೀ 'ಕ' ಅನ್ನುವ ಒಂದು ಅಕ್ಷರ ಕೊಟ್ಟು ಉದ್ದ ಕೇಳುತ್ತೇನೆ. 1 ಬಂದರೆ ಕೋಡ್‌ಪಾಯಿಂಟ್. 3 ಬಂದರೆ ಬೈಟ್.

ಕೋಟ್ ಒಳಗಿನ ಕಾಮಾ ಆಕ್‌ನ ಹಳೇ ದೌರ್ಬಲ್ಯ. 2023ರಲ್ಲಿ ಬಂದ ಗಾಕ್ 5.3ರಿಂದ ಸಿಎಸ್‌ವಿ (ಕಾಮಾದಿಂದ ಕಾಲಂ ಬೇರ್ಪಡಿಸಿದ ಫೈಲ್) ಓದುವ ಆಯ್ಕೆ ಅದರಲ್ಲೇ ಇದೆ. ಕೋಟ್, ಒಳಗಿನ ಕಾಮಾ, ಒಳಗಿನ ಹೊಸಸಾಲು ಎಲ್ಲವನ್ನೂ ಸರಿಯಾಗಿ ಓದುತ್ತದೆ. ನಿಮ್ಮಲ್ಲಿ ಅಷ್ಟು ಹೊಸದಿದ್ದರೆ ಮುಂದಿನ ಆಯ್ಕೆಗಳನ್ನು ನೋಡುವ ಅಗತ್ಯ ಅರ್ಧಕ್ಕರ್ಧ ಕಡಿಮೆ. ಹಳೇ ಸರ್ವರ್‌ಗಳಲ್ಲಿ ಇರುವುದಿಲ್ಲ.

ಆಕ್ ಜೊತೆ ಸಾರ್ಟ್: ಮೊದಲ ಹತ್ತು ನೋಡಬೇಕಾದಾಗ

ಆಕ್‌ನಿಂದ ಪ್ರತಿ ಸಾಲಿಗೂ ಉದ್ದ, ಟ್ಯಾಬ್, ನಮೂದು ಪ್ರಿಂಟ್ ಮಾಡಿಸಿ. ಸಾರ್ಟ್‌ಗೆ ಅಂಕಿಯ ಪ್ರಕಾರ ತಲೆಕೆಳಗಾಗಿ ಜೋಡಿಸಲು ಹೇಳಿ. ಹೆಡ್‌ನಿಂದ ಮೊದಲ ಹತ್ತು ತಗೊಳ್ಳಿ.

ವೇಗದಲ್ಲಿ ಇದು ಬರೀ ಆಕ್‌ಗಿಂತ ಹಿಂದೆ. ಒಂದು ಗರಿಷ್ಠಕ್ಕಾಗಿ ಇಡೀ ಕಾಲಂ ಜೋಡಿಸುವುದು ವ್ಯರ್ಥ ಅಂತ ಹೇಳುವವರ ಮಾತು ಸರಿಯೇ. ಆದರೂ ಹೊಸ ಫೈಲ್ ಕೈಗೆ ಬಂದಾಗ ನಾನು ಮೊದಲು ಓಡಿಸುವುದು ಇದನ್ನೇ. ಹತ್ತು ನಮೂದುಗಳನ್ನು ಒಟ್ಟಿಗೆ ನೋಡಿದಾಗ ಡೇಟಾದ ಗುಣ ತಿಳಿಯುತ್ತದೆ. 212, 31, 30, 30, 29 ಅಂತ ಬಂದರೆ ಮೊದಲನೆಯದರಲ್ಲಿ ಏನೋ ಎಡವಟ್ಟಿದೆ, ಕಾಲಂ ಅಗಲ 212 ಇಡಬೇಕಾಗಿಲ್ಲ. 212, 209, 205 ಅಂತ ಬಂದರೆ ನಿಜವಾಗಿಯೂ ಉದ್ದದ ನಮೂದುಗಳಿವೆ. ಒಂದೇ ಅಂಕಿ ಈ ವ್ಯತ್ಯಾಸ ಹೇಳಲ್ಲ.

ದೊಡ್ಡ ಫೈಲಾದರೆ ಸಾರ್ಟ್ ತಾತ್ಕಾಲಿಕ ಫೈಲುಗಳನ್ನು ಬರೆಯುತ್ತದೆ, ಡಿಸ್ಕಿನಲ್ಲಿ ಜಾಗ ಇರಲಿ. ಸ್ಕ್ರಿಪ್ಟಿನಲ್ಲಿ ಪೈಪ್‌ಫೇಲ್ (ಪೈಪಿನ ಯಾವ ಕಮಾಂಡ್ ಸೋತರೂ ಸೋಲು ಅನ್ನುವ ಸೆಟ್ಟಿಂಗ್) ಹಾಕಿದ್ದರೆ ಇನ್ನೊಂದು ಜಾಗ್ರತೆ. ಹೆಡ್ ತನಗೆ ಬೇಕಾದ ಹತ್ತು ಸಾಲು ತಗೊಂಡು ಪೈಪ್ ಮುಚ್ಚಿಬಿಡುತ್ತದೆ. ಸಾರ್ಟ್ ಇನ್ನೂ ಬರೆಯುತ್ತಿದ್ದರೆ ಅದು ಸಿಗ್‌ಪೈಪ್ ಸಿಗ್ನಲ್ ಬಂದು ಸಾಯುತ್ತದೆ, ಸ್ಕ್ರಿಪ್ಟ್ 141 ಅಂತ ಸೋಲು ತೋರಿಸುತ್ತದೆ. ಉತ್ತರ ಸರಿ ಇದ್ದರೂ ಕೆಲಸ ಕೆಟ್ಟಿತು ಅಂತ ವರದಿ ಬರುತ್ತದೆ.

ಪರ್ಲ್: ಅಕ್ಷರ ಎಣಿಸಲೇಬೇಕಾದಾಗ

ಗುರುತಿನ ಚೀಟಿ, ಪ್ರಮಾಣಪತ್ರ, ಬಸ್ಸಿನ ಬೋರ್ಡ್. ಇಂಥ ಕೆಲಸಕ್ಕೆ ಚಿಕ್ಕಬಳ್ಳಾಪುರ ಆರು ಅಂತಲೇ ಬರಬೇಕು. ಸಾದಾ ಲೆಂಗ್ತ್ ಇದನ್ನು ಕೊಡುವುದಿಲ್ಲ. ಯೂನಿಕೋಡ್‌ನ ಗ್ರಾಫೀಮ್ ಎಣಿಕೆ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಗುಣಿತದ ಚಿಹ್ನೆಗಳನ್ನು ವ್ಯಂಜನದ ಜೊತೆ ಸೇರಿಸಿಕೊಳ್ಳುತ್ತದೆ, ಆದರೆ ಹೆಚ್ಚಿನ ಸಲಕರಣೆಗಳಲ್ಲಿ ಕನ್ನಡದ ಒತ್ತಕ್ಷರವನ್ನು ಮುರಿದು ಎರಡು ಮಾಡುತ್ತದೆ. 'ಕ್ಕ' ಹೋಗಿ 'ಕ್' ಮತ್ತು 'ಕ' ಆಗುತ್ತದೆ. ಆಗ ಚಿಕ್ಕಬಳ್ಳಾಪುರಕ್ಕೆ 8, ಚಾಮರಾಜನಗರಕ್ಕೆ 7. ಮತ್ತೆ ತಪ್ಪು ಹೆಸರು ಗೆಲ್ಲುತ್ತದೆ.

ಪರ್ಲ್ ಭಾಷೆಯಲ್ಲಿ ನಾಲ್ಕು ಹೆಜ್ಜೆಯಲ್ಲಿ ಇದನ್ನು ಮಾಡಬಹುದು. ಮೈನಸ್ ದೊಡ್ಡ ಸಿ ಆಯ್ಕೆಯಿಂದ ಇನ್‌ಪುಟ್, ಔಟ್‌ಪುಟ್ ಎರಡೂ ಯುಟಿಎಫ್-8 ಅಂತ ಹೇಳಿ. ಸ್ಕ್ರಿಪ್ಟಿನೊಳಗೇ ಕನ್ನಡ ಬರೆಯುತ್ತೀರಿ, ಹಾಗಾಗಿ ಯುಟಿಎಫ್8 ಮಾಡ್ಯೂಲನ್ನೂ ಸೇರಿಸಿ. ಆಮೇಲೆ ನಮೂದಿನ ಒಂದು ನಕಲು ತಗೊಂಡು, ಮೊದಲು ಝಡ್‌ಡಬ್ಲ್ಯುಜೆ ಅನ್ನುವ ಕಾಣದ ಚಿಹ್ನೆಯನ್ನು ಅಳಿಸಿ. ಎರಡನೆಯದಾಗಿ ಹಲಂತ ಮತ್ತು ಅದರ ಹಿಂದೆಯೇ ಬರುವ ವ್ಯಂಜನವನ್ನು ಜೋಡಿಯಾಗಿ ಅಳಿಸಿ, ಒತ್ತಕ್ಷರ ಹೋಗುತ್ತದೆ. ಮೂರನೆಯದಾಗಿ ಉಳಿದ ಎಲ್ಲ ಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ, ಒಂಟಿ ಹಲಂತ ಅಳಿಸಿ. ಕೊನೆಗೆ ಝಡ್‌ಡಬ್ಲ್ಯುಎನ್‌ಜೆ ಅನ್ನುವ ಇನ್ನೊಂದು ಕಾಣದ ಚಿಹ್ನೆ ಅಳಿಸಿ. ಉಳಿದದ್ದರ ಉದ್ದವೇ ಅಕ್ಷರಗಳ ಸಂಖ್ಯೆ.

ಈ ಕ್ರಮ ಯಾಕೆ ಮುಖ್ಯ ಅಂತ ತಿಳಿಯಲು 'ಸಾಫ್ಟ್‌ವೇರ್' ಅನ್ನುವ ಪದ ನೋಡಿ. 'ಟ್' ಮತ್ತು 'ವೇ' ಒಂದಕ್ಕೊಂದು ಒತ್ತಾಗಿ ಅಂಟಿಕೊಳ್ಳಬಾರದು ಅಂತ ನಡುವೆ ಝಡ್‌ಡಬ್ಲ್ಯುಎನ್‌ಜೆ ಹಾಕಿರುತ್ತೇವೆ. ಅದನ್ನು ಕೊನೆಗೆ ಅಳಿಸಿದರೆ ಸಾ, ಫ್ಟ್, ವೇ, ರ್ ಅಂತ ನಾಲ್ಕು ಬರುತ್ತದೆ. ಮೊದಲೇ ಅಳಿಸಿದರೆ 'ವೇ' ಕೂಡ ಒತ್ತು ಅಂತ ತಿಳಿದು ಮೂರು ಬರುತ್ತದೆ. 'ರ‍್ಯಾಂಕ್' ಅನ್ನುವ ಪದದಲ್ಲಿ ಇದರ ಉಲ್ಟಾ. ಅಲ್ಲಿ ಝಡ್‌ಡಬ್ಲ್ಯುಜೆ ಇರುವುದು ಅರ್ಕಾವೊತ್ತು ಬಾರದೆ ಯ ಒತ್ತಾಗಿ ಕೂರಲಿ ಅಂತ. ಅದನ್ನು ಮೊದಲೇ ತೆಗೆದರೂ ಲೆಕ್ಕ ಕೆಡುವುದಿಲ್ಲ.

ವ್ಯಂಜನಗಳ ಪಟ್ಟಿಯನ್ನು 'ಕ ದಿಂದ ಹ ವರೆಗೆ' ಅಂತ ಕೊಟ್ಟರೆ ಸಾಕು. ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಆದರೆ ಯೂನಿಕೋಡ್ ಪಟ್ಟಿಯಲ್ಲಿ ಅದು ಹ ಗಿಂತ ಮುಂಚೆಯೇ ಇದೆ. ಹಾಗಾಗಿ 'ಳ್ಳಾ' ತಪ್ಪಿಸಿಕೊಳ್ಳಲ್ಲ.

ಇನ್ನೂ ಒಂದು ಸೂಕ್ಷ್ಮ. 'ಕೋಲಾರ' ಅನ್ನುವ ಪದದ ಓತ್ವ ಒಂದೇ ಕೋಡ್‌ಪಾಯಿಂಟ್ ಆಗಿರಬಹುದು, ಬಿಡಿಸಿದ ರೂಪದಲ್ಲಿ ಮೂರೂ ಆಗಿರಬಹುದು. ನೋಡಲು ಎರಡೂ ಒಂದೇ. ಒಂದರ ಉದ್ದ 5, ಇನ್ನೊಂದರದ್ದು 7. ಅಕ್ಷರದ ಲೆಕ್ಕಕ್ಕೆ ಇದರಿಂದ ತೊಂದರೆ ಇಲ್ಲ, ಚಿಹ್ನೆಗಳೆಲ್ಲ ಅಳಿಯುತ್ತವೆ. ಕೋಡ್‌ಪಾಯಿಂಟ್ ಎಣಿಸುವಾಗ ಮಾತ್ರ ಮೊದಲು ಎಲ್ಲವನ್ನೂ ಕೂಡಿಸಿದ ರೂಪಕ್ಕೆ ತನ್ನಿ. ಪರ್ಲ್ ಮತ್ತು ಪೈಥಾನ್ ಎರಡರಲ್ಲೂ ಅದಕ್ಕೆ ಮಾಡ್ಯೂಲ್ ಇದೆ.

ಪರ್ಲ್ ಹೆಚ್ಚಿನ ಲಿನಕ್ಸ್ ಮೆಷಿನ್‌ಗಳಲ್ಲಿ ಆಗಲೇ ಇರುತ್ತದೆ, ಅದು ದೊಡ್ಡ ಅನುಕೂಲ. ಬೆಲೆ ಏನು ಅಂದರೆ, ಆರು ತಿಂಗಳ ನಂತರ ಅದನ್ನು ಓದುವವರಿಗೆ ಕಷ್ಟ. ಪ್ರತಿ ಹೆಜ್ಜೆಯ ಪಕ್ಕ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆದಿಡಿ.

ಎಸ್‌ಕ್ಯೂಲೈಟ್ ಮತ್ತು ಪೈಥಾನ್: ವಿಳಾಸಗಳಿಗೆ

ಕೋಟ್, ಕಾಮಾ, ಕೋಟ್ ಒಳಗೆ ಹೊಸಸಾಲು ಎಲ್ಲ ಇರುವ ಫೈಲಾದರೆ ನನ್ನ ಒಲವು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸಿನ ಕಡೆಗೆ. ಅದರ ಕಮಾಂಡ್ ಸಾಲಿನಲ್ಲಿ ಸಿಎಸ್‌ವಿಯನ್ನು ಇಂಪೋರ್ಟ್ ಮಾಡಿ. ಆಮೇಲೆ ಅದು ಟೇಬಲ್. ಉದ್ದದ ಪ್ರಕಾರ ಇಳಿಕೆಯಲ್ಲಿ ಜೋಡಿಸಿ ಹತ್ತು ಸಾಲು ಕೇಳಿ. ಇಡೀ ಸಾಲು ಸಿಗುತ್ತದೆ, ಯಾವ ಜಿಲ್ಲೆಯದ್ದು, ಯಾವ ತಾರೀಖಿನದ್ದು ಎಲ್ಲ ಕಾಣುತ್ತದೆ. ಜಿಲ್ಲೆವಾರು ಗರಿಷ್ಠ ಬೇಕಾದರೂ ಇನ್ನೊಂದು ಪದ ಸೇರಿಸಿದರೆ ಆಯಿತು. ಅದರ ಲೆಂಗ್ತ್ ಪಠ್ಯಕ್ಕೆ ಕೋಡ್‌ಪಾಯಿಂಟ್ ಎಣಿಸುತ್ತದೆ, ಲೊಕೇಲ್ ಏನೇ ಇರಲಿ. ಕ್ರಾನ್‌ನಲ್ಲಿ ನನಗಾದ ಪೇಚು ಇಲ್ಲಿ ಆಗುವುದಿಲ್ಲ. ಬೈಟ್ ಬೇಕಾದರೆ ನಮೂದನ್ನು ಬ್ಲಾಬ್ (ಬರೀ ಬೈಟುಗಳ ರೂಪ) ಆಗಿ ಬದಲಿಸಿ ಉದ್ದ ಕೇಳಿ.

ಪೈಥಾನ್ ಕೂಡ ಅಷ್ಟೇ ನಂಬಿಕೆಗೆ ಅರ್ಹ. ಅದರ ಸಿಎಸ್‌ವಿ ಮಾಡ್ಯೂಲ್ ಕೋಟ್‌ಗಳನ್ನು ಸರಿಯಾಗಿ ಓದುತ್ತದೆ, ಲೆನ್ ಕೋಡ್‌ಪಾಯಿಂಟ್ ಕೊಡುತ್ತದೆ, ಎನ್‌ಕೋಡ್ ಮಾಡಿದರೆ ಬೈಟ್. ಎಕ್ಸೆಲ್‌ನಿಂದ ಬಂದ ಫೈಲಿನ ಶುರುವಿನಲ್ಲಿ ಬಿಒಎಂ ಅನ್ನುವ ಕಾಣದ ಗುರುತು ಇದ್ದರೆ ಅದನ್ನು ಕಳಚುವ ಎನ್‌ಕೋಡಿಂಗ್ ಹೆಸರೂ ಅದರಲ್ಲಿದೆ. ಹತ್ತು ಹನ್ನೆರಡು ಸಾಲು ಬರೆಯಬೇಕು. ನಿಮ್ಮ ತಂಡದಲ್ಲಿ ಎಲ್ಲರಿಗೂ ಪೈಥಾನ್ ಗೊತ್ತು, ಪರ್ಲ್ ಯಾರಿಗೂ ಗೊತ್ತಿಲ್ಲ ಅಂದರೆ ಮೇಲಿನ ಅಕ್ಷರದ ಲೆಕ್ಕವನ್ನೂ ಪೈಥಾನ್‌ನಲ್ಲೇ ಬರೆಯಿರಿ. ಹೆಜ್ಜೆಗಳು ಅವೇ.

ಸಿದ್ಧ ಸಲಕರಣೆಗಳು

ಸಿಎಸ್‌ವಿಕಿಟ್, ಮಿಲ್ಲರ್, ಎಕ್ಸ್‌ಎಸ್‌ವಿ. ಇವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇಪ್ಪತ್ತು ಕಾಲಂ ಇದೆ, ಎಲ್ಲದರ ಗರಿಷ್ಠ ಉದ್ದವೂ ಒಂದೇ ಸಲ ಬೇಕು ಅನ್ನುವಾಗ ಇವುಗಳ ಬೆಲೆ ತಿಳಿಯುತ್ತದೆ. ಸಿಎಸ್‌ವಿಕಿಟ್‌ನ ಸಿಎಸ್‌ವಿಸ್ಟ್ಯಾಟ್ ಪ್ರತಿ ಪಠ್ಯದ ಕಾಲಂಗೂ ಅತಿ ಉದ್ದದ ನಮೂದಿನ ಅಳತೆ ಕೊಡುತ್ತದೆ. ಆದರೆ ಫೋನ್ ನಂಬರಿನಂಥ ಕಾಲಂ ಬಂದರೆ ಅದು ಸಂಖ್ಯೆ ಅಂತ ಊಹಿಸಿ ಉದ್ದವನ್ನೇ ಬಿಟ್ಟುಬಿಡುತ್ತದೆ. ಫೈಲನ್ನು ಪೂರ್ತಿ ಮೆಮೊರಿಗೆ ಎಳೆದುಕೊಳ್ಳುತ್ತದೆ, 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲ್ ಕೊಡಬೇಡಿ. ಎಕ್ಸ್‌ಎಸ್‌ವಿ ತುಂಬಾ ವೇಗ, ಆದರೆ ಅದರ ಉದ್ದ ಬೈಟಿನ ಲೆಕ್ಕ. ಮಿಲ್ಲರ್‌ನ ಸಮ್ಮರಿ ಎಲ್ಲ ಕಾಲಂಗಳ ಕನಿಷ್ಠ, ಗರಿಷ್ಠ ಉದ್ದ ಎರಡನ್ನೂ ತೋರಿಸುತ್ತದೆ. ನನಗೆ ಮೂರರಲ್ಲಿ ಮಿಲ್ಲರ್ ಇಷ್ಟ.

ಹಾಗಾದರೆ ನಿಮಗೆ ಯಾವುದು?

ಇಂಗ್ಲಿಷ್ ಡೇಟಾ, ಟ್ಯಾಬ್ ಫೈಲ್, ಈಗಲೇ ಒಂದು ಅಂಕಿ ಬೇಕು: ಕಟ್ ಮತ್ತು ಡಬ್ಲ್ಯುಸಿ. ಮೈನಸ್ ಎಸ್ ಮರೆಯಬೇಡಿ.

ಫೈಲಿನ ಪರಿಚಯವೇ ಇಲ್ಲ, ಮೊದಲ ಸಲ ನೋಡುತ್ತಿದ್ದೀರಿ: ಆಕ್, ಸಾರ್ಟ್, ಹೆಡ್. ಹತ್ತು ನಮೂದು ಓದಿ, ಆಮೇಲೆ ತೀರ್ಮಾನಿಸಿ. ಫೈಲಿನಲ್ಲಿ ವಿಳಾಸ ಇದ್ದರೆ ಎಸ್‌ಕ್ಯೂಲೈಟ್, ಅಥವಾ ಹೊಸ ಗಾಕ್ ಇದ್ದರೆ ಅದು. ಒರಾಕಲ್ ಟೇಬಲ್‌ಗೆ ಕನ್ನಡ ಹೋಗಬೇಕಾದರೆ ಬೈಟ್ ಎಣಿಸಿ, ಆಗ ಮಾಕ್ ಇದ್ದರೂ ಪರವಾಗಿಲ್ಲ, ಅದು ಮಾಡುವುದೇ ಆ ಲೆಕ್ಕ. ಕನ್ನಡದ ಹೆಸರು ಕಾಗದದ ಮೇಲೆ ಅಚ್ಚಾಗಬೇಕಾದರೆ ಪರ್ಲ್‌ನ ನಾಲ್ಕು ಹೆಜ್ಜೆ. ಬಂದ ಉತ್ತರವನ್ನು ಬಳಸುವ ಫಾಂಟಿನಲ್ಲೇ ಒಂದು ಸಲ ಅಚ್ಚು ಹಾಕಿ ನೋಡಿ, ಯಾಕಂದರೆ 'ಮ' ಹಿಡಿಯುವ ಜಾಗ 'ರ' ಹಿಡಿಯುವುದಿಲ್ಲ.

ದಿನಾ ತಾನೇ ಓಡುವ ಸ್ಕ್ರಿಪ್ಟ್ ಆಗಿದ್ದರೆ ಆಕ್ ಸಾಕು, ಆದರೆ ಮೇಲ್ಗಡೆ ಎರಡು ಸಾಲು ಸೇರಿಸಿ. ಒಂದರಲ್ಲಿ ಯುಟಿಎಫ್-8 ಲೊಕೇಲ್ ಹೊಂದಿಸಿ. ಇನ್ನೊಂದರಲ್ಲಿ 'ಕ'ದ ಉದ್ದ ಕೇಳಿ. 1 ಬಾರದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ನಿಮಗೆ ತಿಳಿಸಲಿ.